ಅಂಗಡಿಯ ಫ್ರಿಜ್ಜು ಅತಿಯಾಗಿ ಕೊರೆಯುತ್ತಿದೆಯೇ? ಥರ್ಮೋಸ್ಟ್ಯಾಟ್ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಶಟರ್ ಎತ್ತಿ ಮೊದಲ ಮೊಸರಿನ ಪ್ಯಾಕೆಟ್ ಕೈಗೆತ್ತಿಕೊಂಡರೆ ಒಳಗೆ ಕರಕರ ಸದ್ದು, ಒಂದು ಮೂಲೆ ಕಲ್ಲಿನಂತೆ ಗಟ್ಟಿ. ಕರಗಿದ ಮೇಲೆ ಪಾತ್ರೆಗೆ ಸುರಿದರೆ ನೀರು ಒಂದು ಕಡೆ, ರವೆಯಂಥ ಮೊಸರು ಇನ್ನೊಂದು ಕಡೆ. ಕೊತ್ತಂಬರಿ ಕಟ್ಟಿನ ಹಿಂಬದಿಯ ಎಲೆಗಳು ಗಾಜಿನ ಹಾಗೆ ಪಾರದರ್ಶಕವಾಗಿರುತ್ತವೆ, ಹೊರಗಿಟ್ಟ ಅರ್ಧ ಗಂಟೆಯಲ್ಲಿ ಕಪ್ಪಾಗಿ ಮೆತ್ತಗಾಗುತ್ತವೆ. ತಟ್ಟೆ ಇಡ್ಲಿ ಹಿಟ್ಟಿನ ಪಾತ್ರೆಯ ಅಂಚಿಗೆ ಐಸಿನ ಉಂಗುರ ಕಟ್ಟಿರುತ್ತದೆ. ಆ ಹಿಟ್ಟು ಕರಗಿದ ಮೇಲೆ ಉಬ್ಬು ಇಳಿದು ಇಡ್ಲಿ ಚಪ್ಪಟೆ ಏಳುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಥರ್ಮೋಸ್ಟ್ಯಾಟಿನ, ಅಂದರೆ ಒಳಗಿನ ತಂಪು ನೋಡಿ ಯಂತ್ರವನ್ನು ಓಡಿಸಿ ನಿಲ್ಲಿಸುವ ಸ್ವಿಚ್ಚಿನ, ನಾಬನ್ನು ಹಿಡಿದು ಒಂದೇ ಸಲಕ್ಕೆ ಕೊನೆಯವರೆಗೆ ತಿರುಗಿಸಿಬಿಡುತ್ತಾರೆ. ಮಾರನೇ ದಿನ ಹಾಲು ಒಡೆಯುತ್ತದೆ, ನಾಬು ಮತ್ತೆ ಮೇಲೆ ಹೋಗುತ್ತದೆ. ವಾರವಿಡೀ ಈ ಹಗ್ಗಜಗ್ಗಾಟ ನಡೆದು, ಕೊನೆಗೆ ಮೆಕ್ಯಾನಿಕ್ ಬಂದು ಗ್ಯಾಸು ತುಂಬಿಸಬೇಕು ಅನ್ನುತ್ತಾರೆ. ಇದ್ಯಾವುದೂ ಬೇಕಿಲ್ಲ. ಸರಿಯಾಗಿ ಅಳೆದು, ಕಂಪ್ರೆಸರ್ (ಫ್ರಿಜ್ಜನ್ನು ತಂಪು ಮಾಡುವ ಮೋಟಾರು) ನಿಲ್ಲುತ್ತಿದೆಯೋ ಇಲ್ಲವೋ ನೋಡಿ, ಆಮೇಲೆ ಸ್ವಲ್ಪವೇ ತಿರುಗಿಸಿ ಒಂದು ದಿನ ಕಾದರೆ ಬಹುಪಾಲು ಫ್ರಿಜ್ಜುಗಳು ದಾರಿಗೆ ಬರುತ್ತವೆ.

ಎಷ್ಟು ತಂಪು ಬೇಕು

ಹಾಲು, ಮೊಸರು, ಪನೀರು, ಹೆಚ್ಚಿದ ತರಕಾರಿ, ರುಬ್ಬಿದ ಹಿಟ್ಟು, ಚಟ್ನಿ ಇವೆಲ್ಲ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೋಗಬಾರದು. ಹಾಲು ಐಸಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅಂದರೆ ಕೆಡುವುದಕ್ಕೂ ಗಡ್ಡೆ ಕಟ್ಟುವುದಕ್ಕೂ ನಡುವೆ ನಮಗೆ ಸಿಗುವ ಜಾಗ ಐದೂವರೆ ಡಿಗ್ರಿ ಮಾತ್ರ. 3ರಿಂದ 4 ಡಿಗ್ರಿಗೆ ಗುರಿ ಇಟ್ಟುಕೊಂಡರೆ ಎರಡೂ ಕಡೆ ಸ್ವಲ್ಪ ಉಸಿರಾಡಲು ಜಾಗವಿರುತ್ತದೆ.

ಬರೀ ತಂಪು ಪಾನೀಯ, ನೀರಿನ ಬಾಟಲಿ ಇಡುವ, ಗಾಜಿನ ಬಾಗಿಲಿನ ವಿಸಿ ಕೂಲರ್ ಆದರೆ 5ರಿಂದ 7 ಡಿಗ್ರಿ ಸಾಕು, ಕರೆಂಟೂ ಉಳಿಯುತ್ತದೆ. ದ್ರಾಕ್ಷಿಗೆ ಸೊನ್ನೆಯ ಹತ್ತಿರದ ತಂಪು ಒಗ್ಗುತ್ತದೆ. ಟೊಮೇಟೊಗೆ ಒಗ್ಗುವುದಿಲ್ಲ. ಬಲಿಯುತ್ತಿರುವ ಟೊಮೇಟೊವನ್ನು 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಬಣ್ಣ ಸರಿಯಾಗಿ ತಿರುಗದೆ ರುಚಿ ಸಪ್ಪೆಯಾಗುತ್ತದೆ. ಕೋಲಾರದ ಮಾರುಕಟ್ಟೆಯಿಂದ ಕ್ರೇಟುಗಟ್ಟಲೆ ತಂದು ಹೋಟೆಲ್ ಫ್ರಿಜ್ಜಿಗೆ ತುಂಬಿ, ಆಮೇಲೆ ಫ್ರಿಜ್ಜನ್ನು ಬೈದು ಫಲವಿಲ್ಲ. ಅದನ್ನು ಗಾಳಿಯಾಡುವ ನೆರಳಲ್ಲಿಡಿ.

ಔಷಧಿ ಅಂಗಡಿಯ ಫ್ರಿಜ್ಜಿನ ಮಾತೇ ಬೇರೆ. ಅಲ್ಲಿ 2ರಿಂದ 8 ಡಿಗ್ರಿ ಇರಬೇಕು. ಇನ್ಸುಲಿನ್ ಒಮ್ಮೆ ಐಸಾದರೆ ಮುಗಿಯಿತು, ಕರಗಿದ ಮೇಲೆ ನೋಡಲು ಹೇಗೇ ಇದ್ದರೂ ಬಿಸಾಡಬೇಕು. ಅಲ್ಲಿ ಅತಿ ತಂಪು ಎಂದು ಅನುಮಾನ ಬಂದರೆ ಮೊದಲು ಔಷಧಿಯನ್ನು ಬೇರೆ ಫ್ರಿಜ್ಜಿಗೆ ಸಾಗಿಸಿ, ಆಮೇಲೆ ನಾಬಿನ ಕಡೆ ನೋಡಿ.

ಮೊದಲು ಅಳೆಯಿರಿ

ನಾಬಿನ ಮೇಲಿರುವ 1ರಿಂದ 7ರ ಅಂಕಿಗಳು ಡಿಗ್ರಿಗಳಲ್ಲ. 1 ಅಂದರೆ ಕಡಿಮೆ ತಂಪು, 7 ಅಂದರೆ ಅತಿ ಹೆಚ್ಚು ತಂಪು, ಅಷ್ಟೇ. ಇದನ್ನು ಉಲ್ಟಾ ತಿಳಿದು, ತಂಪು ಕಡಿಮೆಯಾಗಲಿ ಎಂದು 7ಕ್ಕೆ ಇಡುವವರು ಇಂದಿಗೂ ಇದ್ದಾರೆ. ಡಿಜಿಟಲ್ ಡಿಸ್ಪ್ಲೇ ಇದ್ದರೆ ಅದು ತೋರಿಸುವುದು ಸೆನ್ಸರ್ ಇರುವ ಜಾಗದ ಗಾಳಿಯ ತಾಪವನ್ನು, ನಿಮ್ಮ ಹಾಲಿನ ತಾಪವನ್ನಲ್ಲ.

ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತನ್ನಿ. ಮೂರಿದ್ದರೆ ಇನ್ನೂ ಒಳ್ಳೆಯದು. ಗನ್ನಿನ ಹಾಗೆ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಲ್ಲಿ ಬೇಡ, ಹೊಳೆಯುವ ಸ್ಟೀಲಿನ ಮೇಲೆ ಅದು ತಪ್ಪು ಅಂಕಿ ಕೊಡುತ್ತದೆ.

ಥರ್ಮಾಮೀಟರ್ ನಂಬಿಕಸ್ಥವೇ ಎಂದು ಮೊದಲು ಪರೀಕ್ಷಿಸಿ. ಲೋಟದ ತುಂಬ ಪುಡಿಮಾಡಿದ ಐಸ್ ಹಾಕಿ, ಐಸಿನ ಮಟ್ಟದವರೆಗೆ ತಣ್ಣೀರು ಸುರಿದು ಕಲಕಿ, ಸೆನ್ಸರ್ ತುದಿಯನ್ನು ಲೋಟದ ಗೋಡೆ ಮುಟ್ಟದಂತೆ ನಡುವೆ ಹಿಡಿಯಿರಿ. ಮೂರು ನಿಮಿಷದಲ್ಲಿ ಅಂಕಿ 0ಗೆ ಬರಬೇಕು. ಅರ್ಧ ಡಿಗ್ರಿ ಆಚೀಚೆ ಇದ್ದರೆ ಆ ವ್ಯತ್ಯಾಸವನ್ನು ಮಾರ್ಕರಿನಲ್ಲಿ ಅದರ ಬೆನ್ನ ಮೇಲೆ ಬರೆದಿಡಿ. ಕುದಿಯುವ ನೀರಿನಲ್ಲಿ ಅದ್ದಿ 100 ಬರಲಿಲ್ಲ ಎಂದು ಥರ್ಮಾಮೀಟರನ್ನು ಎಸೆಯಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಈ ಎತ್ತರದ ವಿಷಯವನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ರಾತ್ರಿ ಅಂಗಡಿ ಮುಚ್ಚುವಾಗ ಮೂರು ಲೋಟಗಳಲ್ಲಿ ಕಾಲು ಲೀಟರಿನಷ್ಟು ನೀರಿಟ್ಟು, ಒಂದನ್ನು ಮೇಲಿನ ತಟ್ಟಿನಲ್ಲಿ ಫ್ಯಾನಿನ ಮುಂದೆ, ಒಂದನ್ನು ನಡುವೆ, ಒಂದನ್ನು ಕೆಳಗೆ ಬಾಗಿಲ ಹತ್ತಿರ ಇಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೀರಿನ ತಾಪ ನೋಡಿ. ಗಾಳಿಯ ತಾಪ ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ನೀರು ಹಾಗಲ್ಲ, ಪದಾರ್ಥಗಳು ಇಡೀ ರಾತ್ರಿ ಅನುಭವಿಸಿದ್ದನ್ನು ಅದು ಹೇಳುತ್ತದೆ. ಮಧ್ಯಾಹ್ನ ಊಟದ ಗಿರಾಕಿ ಮುಗಿದ ಮೇಲೆ ಇನ್ನೊಮ್ಮೆ ನೋಡಿ ಬರೆದುಕೊಳ್ಳಿ.

ಕಂಪ್ರೆಸರ್ ನಿಲ್ಲುತ್ತಿದೆಯೇ?

ಇಡೀ ಕೆಲಸದ ಕವಲು ಇರುವುದು ಇಲ್ಲಿ. ಬಾಗಿಲು ಹೆಚ್ಚು ತೆಗೆಯದ ಹೊತ್ತಿನಲ್ಲಿ ಎರಡು ಗಂಟೆ ಫ್ರಿಜ್ಜಿನ ಹತ್ತಿರವೇ ಇದ್ದು, ಕಂಪ್ರೆಸರ್ ಶುರುವಾದ ಸಮಯ, ಕಟ್ ಆದ ಸಮಯ ಬರೆಯಿರಿ. ಕಿವಿಗೆ ಗೊತ್ತಾಗದಿದ್ದರೆ ಫ್ರಿಜ್ಜಿನ ಪಕ್ಕದ ತಗಡಿಗೆ ಅಂಗೈ ಇಡಿ, ನಡುಕ ತಿಳಿಯುತ್ತದೆ. ಒಳಗಿನ ಫ್ಯಾನಿನ ಸದ್ದನ್ನು ಕಂಪ್ರೆಸರ್ ಎಂದುಕೊಳ್ಳಬೇಡಿ. ಅನೇಕ ಫ್ರಿಜ್ಜುಗಳಲ್ಲಿ ಕಂಪ್ರೆಸರ್ ನಿಂತ ಮೇಲೂ ಫ್ಯಾನು ತಿರುಗುತ್ತಲೇ ಇರುತ್ತದೆ.

ಕಂಪ್ರೆಸರ್ ನಿಂತು ಶುರುವಾಗುತ್ತಿದೆ, ಮೂರೂ ಲೋಟಗಳು ಸುಮಾರಾಗಿ ಒಂದೇ ಅಂಕಿ ತೋರಿಸುತ್ತಿವೆ, ಆದರೆ ಅಂಕಿ ಬೇಕಾದ್ದಕ್ಕಿಂತ ಕೆಳಗಿದೆ ಎಂದಾದರೆ ಯಂತ್ರ ಗಟ್ಟಿಯಾಗಿದೆ, ಸೆಟ್ಟಿಂಗ್ ಮಾತ್ರ ತಪ್ಪು. ಕಂಪ್ರೆಸರ್ ನಿಲ್ಲುವುದೇ ಇಲ್ಲ, ಒಳಗೆಲ್ಲ ಗಡ್ಡೆ ಎಂದಾದರೆ ಥರ್ಮೋಸ್ಟ್ಯಾಟಿಗೆ ತಂಪು ತಿಳಿಯುತ್ತಿಲ್ಲ, ಇಲ್ಲವೇ ತಿಳಿದರೂ ಕರೆಂಟು ಕಡಿಯಲು ಅದಕ್ಕೆ ಆಗುತ್ತಿಲ್ಲ. ಒಂದು ಕಡೆ ಗಡ್ಡೆ, ಇನ್ನೊಂದು ಕಡೆ 9–10 ಡಿಗ್ರಿ ಎಂದಾದರೆ ಥರ್ಮೋಸ್ಟ್ಯಾಟನ್ನು ಮುಟ್ಟಲೇಬೇಡಿ. ಅದು ಗಾಳಿ ಓಡಾಟದ ದೋಷ ಅಥವಾ ಗ್ಯಾಸಿನ ದೋಷ.

ನಮ್ಮ ಎತ್ತರ, ನಮ್ಮ ಚಳಿಗಾಲ

ನಾಬು ಇರುವ ಮೆಕ್ಯಾನಿಕಲ್ ಥರ್ಮೋಸ್ಟ್ಯಾಟಿನ ಒಳಗೆ ಉಬ್ಬಿ ಕುಗ್ಗುವ ಪುಟ್ಟ ಲೋಹದ ತಿದಿ ಇರುತ್ತದೆ. ಅದಕ್ಕೆ ತಂತಿಯಷ್ಟು ಸಣ್ಣ ತಾಮ್ರದ ಕೊಳವೆ ಬೆಸೆದಿರುತ್ತದೆ, ಅದೇ ಕ್ಯಾಪಿಲರಿ. ಕೊಳವೆಯ ತುದಿ ಕೂಲಿಂಗ್ ಕಾಯಿಲಿಗೆ, ಅಂದರೆ ಫ್ರಿಜ್ಜಿನೊಳಗೆ ತಂಪು ಕೊಡುವ ಪೈಪಿನ ಸುರುಳಿಗೆ, ಅಂಟಿಕೊಂಡಿರುತ್ತದೆ. ಒಳಗೆ ತುಂಬಿದ ಗ್ಯಾಸು ಬೆಚ್ಚಗಾದರೆ ತಿದಿ ಉಬ್ಬಿ ಕಂಪ್ರೆಸರ್ ಶುರುಮಾಡುತ್ತದೆ, ತಂಪಾದರೆ ತಿದಿ ಕುಗ್ಗಿ ಟಕ್ ಎಂದು ಕಟ್ ಮಾಡುತ್ತದೆ. ತಿದಿಯನ್ನು ಹೊರಗಿನಿಂದ ಒತ್ತುವುದು ಒಂದು ಸ್ಪ್ರಿಂಗು ಮತ್ತು ನಮ್ಮ ಸುತ್ತಲಿನ ಗಾಳಿ.

ನಮ್ಮ ಕಡೆ ಈ ಗಾಳಿಯ ಒತ್ತಡ ಸಮುದ್ರತೀರಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಹೊರಗಿನ ಒತ್ತು ಕಡಿಮೆಯಾದರೆ ತಿದಿ ಸುಲಭಕ್ಕೆ ಕುಗ್ಗುವುದಿಲ್ಲ, ಕುಗ್ಗಲು ಇನ್ನೂ ಹೆಚ್ಚು ತಂಪು ಬೇಕಾಗುತ್ತದೆ. ಹೀಗಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಥರ್ಮೋಸ್ಟ್ಯಾಟು ಇಲ್ಲಿ ಸುಮಾರು ಒಂದು ಡಿಗ್ರಿ ಹೆಚ್ಚು ತಂಪಿಗೆ ಹೋಗಿ ಕಟ್ ಆಗುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಾದರೆ ಒಂದೂವರೆ ಡಿಗ್ರಿಯಷ್ಟು. ಒಂದು ಡಿಗ್ರಿ ಎಂದರೆ ಏನು ಮಹಾ ಅನ್ನಿಸಬಹುದು. ಐದೂವರೆ ಡಿಗ್ರಿಯ ಇಕ್ಕಟ್ಟಿನಲ್ಲಿ ಮೊಸರು ಮೊಸರಾಗಿ ಉಳಿಯುತ್ತದೋ ಗಡ್ಡೆಯಾಗುತ್ತದೋ ಎಂದು ತೀರ್ಮಾನಿಸುವುದು ಆ ಒಂದು ಡಿಗ್ರಿಯೇ. ಚೆನ್ನೈನಲ್ಲೋ ಮಂಗಳೂರಿನಲ್ಲೋ ಚೆನ್ನಾಗಿ ನಡೆಯುತ್ತಿದ್ದ ಸೆಕೆಂಡ್ ಹ್ಯಾಂಡ್ ವಿಸಿ ಕೂಲರನ್ನು ತಂದು ಅದೇ ನಂಬರಿನಲ್ಲಿ ಇಟ್ಟರೆ ಇಲ್ಲಿ ಅತಿಯಾಗಿ ಕೊರೆಯಬಹುದು. ನಾಬಿನ ಬದಲು ಬಟನ್ ಮತ್ತು ಡಿಸ್ಪ್ಲೇ ಇರುವ ಡಿಜಿಟಲ್ ಕಂಟ್ರೋಲರಿಗೆ ಈ ತೊಂದರೆ ಇಲ್ಲ.

ಎರಡನೆಯದು ಋತು. ಕ್ಯಾಪಿಲರಿ ತುದಿ ಅಳೆಯುವುದು ಕಾಯಿಲಿನ ತಂಪನ್ನು, ಪೆಟ್ಟಿಗೆಯ ತಂಪನ್ನಲ್ಲ. ಏಪ್ರಿಲ್ ಮಧ್ಯಾಹ್ನ ಹೊರಗಿನ ಬಿಸಿ ಒಳಗೆ ನುಗ್ಗುತ್ತಿರುವಾಗ ಪೆಟ್ಟಿಗೆಯ ಒಳಗು ಕಾಯಿಲಿಗಿಂತ ಬಹಳ ಬೆಚ್ಚಗಿರುತ್ತದೆ. ಡಿಸೆಂಬರ್ ರಾತ್ರಿ ಶಟರ್ ಎಳೆದ ಮೇಲೆ ಬಾಗಿಲು ತೆಗೆಯುವವರಿಲ್ಲ, ಹೊರಗೂ ಚಳಿ. ಒಳಗಿನ ತಾಪ ಮೆಲ್ಲಗೆ ಕಾಯಿಲಿನ ತಾಪಕ್ಕೆ ಹತ್ತಿರವಾಗುತ್ತದೆ. ನಾಬು ಅಲ್ಲೇ ಇದ್ದರೂ ಬೇಸಿಗೆಯಲ್ಲಿ 5 ಡಿಗ್ರಿ ಇದ್ದ ಹಾಲು ಚಳಿಗಾಲದ ಬೆಳಗ್ಗೆ ಗಡ್ಡೆ ಕಟ್ಟುವುದು ಇದರಿಂದಲೇ. ಸೆಕೆಗಾಲದಲ್ಲಿ 6ಕ್ಕೆ ಏರಿಸಿದ ನಾಬನ್ನು ಯಾರೂ ಇಳಿಸಿರುವುದಿಲ್ಲ.

ನಾಬು ತಿರುಗಿಸುವ ರೀತಿ

ಈಗಿರುವ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿ. ಕಂಪ್ರೆಸರ್ ನಿಂತು ಶುರುವಾಗುತ್ತಿರುವ ಫ್ರಿಜ್ಜಾದರೆ ಅರ್ಧ ನಂಬರ್ ಇಳಿಸಿ. 5ರಲ್ಲಿದ್ದರೆ ನಾಲ್ಕೂವರೆಗೆ ತನ್ನಿ. ನಂಬರ್ ಇಲ್ಲದ ನಾಬಾದರೆ ಗಡಿಯಾರದ ನಿಮಿಷದ ಮುಳ್ಳು ಎರಡೂವರೆ ನಿಮಿಷದಲ್ಲಿ ಸರಿಯುವ ದೂರ ಸಾಕು. ಕೆಲವು ವಿಸಿ ಕೂಲರುಗಳಲ್ಲಿ ನಾಬೇ ಇರುವುದಿಲ್ಲ, ಮೇಲಿನ ಜಾಲರಿಯ ಹಿಂದೆ ಸ್ಕ್ರೂ ಡ್ರೈವರಿನಲ್ಲಿ ತಿರುಗಿಸುವ ಸೀಳು ಇರುತ್ತದೆ. ರೀತಿ ಅದೇ.

ತಿರುಗಿಸಿದ ಮೇಲೆ 24 ಗಂಟೆ ಮುಟ್ಟಬೇಡಿ. ತುಂಬಿದ ಫ್ರಿಜ್ಜಿನಲ್ಲಿ ನೂರು ಪ್ಯಾಕೆಟ್ ಹಾಲಿದ್ದರೆ ಅದರ ತಾಪ ಬದಲಾಗಲು ಅಷ್ಟು ಹೊತ್ತು ಬೇಕೇ ಬೇಕು. ಎರಡು ಗಂಟೆಗೆ ನೋಡಿ ಏನೂ ಆಗಲಿಲ್ಲ ಎಂದು ಮತ್ತೆ ತಿರುಗಿಸುವುದೇ ಆ ಹಗ್ಗಜಗ್ಗಾಟಕ್ಕೆ ಮೂಲ. ಮಾರನೇ ಬೆಳಿಗ್ಗೆ ಲೋಟದ ನೀರು ನೋಡಿ, ಬೇಕಿದ್ದರೆ ಇನ್ನರ್ಧ ನಂಬರ್. ನಡುವಿನ ಲೋಟ 3ರಿಂದ 4ಕ್ಕೆ ಬಂದು ನಿಂತ ಮೇಲೆ, ಮಧ್ಯಾಹ್ನದ ಗಿರಾಕಿಯ ಹೊತ್ತಿನಲ್ಲೂ 5 ದಾಟುತ್ತಿಲ್ಲ ಎಂಬುದನ್ನು ಎರಡು ದಿನ ಖಾತ್ರಿ ಮಾಡಿಕೊಳ್ಳಿ.

ಪಾನೀಯ ಕಂಪನಿಯವರು ಕೊಟ್ಟಿರುವ ಕೂಲರ್ ಆದರೆ ಒಳಗಿನ ಮುಚ್ಚಳ ಬಿಚ್ಚಬೇಡಿ. ಯಂತ್ರ ಅವರದು. ಬಾಗಿಲಿಗೋ ಪಕ್ಕಕ್ಕೋ ಅಂಟಿಸಿದ ಸ್ಟಿಕ್ಕರಿನಲ್ಲಿ ದೂರಿನ ನಂಬರ್ ಇರುತ್ತದೆ.

ನಿಲ್ಲದೇ ಓಡುವ ಫ್ರಿಜ್ಜು

ನಾಬನ್ನು 0 ಅಥವಾ ಆಫ್‌ಗೆ ತಿರುಗಿಸಿ. ಟಕ್ ಎಂಬ ಸದ್ದು ಬಂದು ಕಂಪ್ರೆಸರ್ ನಿಲ್ಲಬೇಕು. ನಿಲ್ಲದಿದ್ದರೆ ಒಳಗೆ ಕರೆಂಟು ಕೂಡಿಸಿ ಕಡಿಯುವ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಬೆಸೆದುಕೊಂಡಿವೆ. ಕರೆಂಟು ಪದೇ ಪದೇ ಹೋಗಿ ಬಂದು, ಕಡಿಮೆ ವೋಲ್ಟೇಜಿನಲ್ಲಿ ಕಂಪ್ರೆಸರ್ ಒದ್ದಾಡಿ ಶುರುವಾಗುವ ಜಾಗಗಳಲ್ಲಿ ಹೀಗಾಗುವುದು ಸಾಮಾನ್ಯ. ಆ ಥರ್ಮೋಸ್ಟ್ಯಾಟಿಗೆ ರಿಪೇರಿ ಇಲ್ಲ, ಬದಲಾಯಿಸಬೇಕು.

ಆಫ್‌ನಲ್ಲಿ ನಿಲ್ಲುತ್ತದೆ, ಆದರೆ 1ರಲ್ಲಿಟ್ಟರೂ ತಾನಾಗಿ ನಿಲ್ಲುವುದಿಲ್ಲ ಎಂದಾದರೆ ಕ್ಯಾಪಿಲರಿ ತುದಿಯನ್ನು ಹುಡುಕಿ. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತ ಮೇಲೆಯೇ ಮುಚ್ಚಳ ಬಿಚ್ಚಿ. ಬರೀ ಸ್ವಿಚ್ ಆರಿಸಿದರೆ ಸಾಲದು, ಫೇಸು ನ್ಯೂಟ್ರಲ್ ಅದಲುಬದಲಾದ ವೈರಿಂಗ್ ಹಳೇ ಅಂಗಡಿಗಳಲ್ಲಿ ಬೇಕಾದಷ್ಟಿದೆ, ಅಲ್ಲಿ ಸ್ವಿಚ್ ಆರಿಸಿದರೂ ಒಳಗೆ ಕರೆಂಟು ಉಳಿದಿರುತ್ತದೆ.

ತುದಿಯು ಕಾಯಿಲಿನ ಮೇಲಿನ ಕ್ಲಿಪ್ಪಿನಲ್ಲೋ, ಅದಕ್ಕೆಂದೇ ಇರುವ ಕೊಳವೆಯೊಳಗೋ ಇರಬೇಕು. ಪಾತ್ರೆ ತಗುಲಿ ಅಥವಾ ಐಸ್ ಕೀಳುವಾಗ ಎಳೆದು ಅದು ಹೊರಬಂದಿದ್ದರೆ, ಕಾಯಿಲು ಎಷ್ಟೇ ತಂಪಾದರೂ ಅದಕ್ಕೆ ಗೊತ್ತಾಗುವುದು ದೂರದ ಬೆಚ್ಚನೆ ಗಾಳಿ. ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಅತಿ ತಂಪಿಗೆ ಅತಿ ಅಗ್ಗದ ಪರಿಹಾರ ಸಿಗುವುದು ಇಲ್ಲೇ. ತುದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಕನಿಷ್ಠ 15 ಸೆಂಟಿಮೀಟರ್ ಉದ್ದ ಲೋಹಕ್ಕೆ ಒತ್ತಿಕೊಂಡಿರುವಂತೆ ಕೂರಿಸಿ ಕ್ಲಿಪ್ ಬಿಗಿಮಾಡಿ. ಕ್ಲಿಪ್ ಮುರಿದಿದ್ದರೆ ಎರಡು ಮೂರು ಕೇಬಲ್ ಟೈ ಸಾಕು. ಇನ್ಸುಲೇಷನ್ ಟೇಪು ಮಾತ್ರ ಬೇಡ, ತೇವದಲ್ಲಿ ಅಂಟು ಬಿಟ್ಟು ತಿಂಗಳೊಳಗೆ ಜಾರುತ್ತದೆ. ಕೊಳವೆಯನ್ನು ಚೂಪಾಗಿ ಮಡಿಸಬೇಡಿ. ಮಿಕ್ಕಿದ ಉದ್ದವನ್ನು ಬಳೆಯಷ್ಟು ಅಗಲದ ಸುರುಳಿ ಮಾಡಿ, ವೈರಿನ ಟರ್ಮಿನಲ್ಲುಗಳಿಗೆ ತಗುಲದಂತೆ ಕಟ್ಟಿ.

ಕ್ಯಾಪಿಲರಿ ತೂತಾಗಿ ಗ್ಯಾಸು ಹೋದ್ದರಿಂದಲೇ ಅತಿ ತಂಪಾಗುತ್ತಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಗ್ಯಾಸು ಹೋದರೆ ತಿದಿ ಕುಗ್ಗಿಯೇ ಉಳಿಯುತ್ತದೆ, ಕಂಪ್ರೆಸರ್ ಶುರುವಾಗುವುದೇ ಇಲ್ಲ. ಅದರ ಲಕ್ಷಣ ಬಿಸಿ ಫ್ರಿಜ್ಜು.

ಒಳಗಿನ ಸ್ಕ್ರೂ

ತುದಿ ಸರಿಯಾಗಿ ಕೂತಿದೆ, ಪಾಯಿಂಟು ಚೆನ್ನಾಗಿದೆ, ನಾಬು 1ಕ್ಕೆ ಬಂದಿದೆ, ಆದರೂ ನೀರಿನ ಲೋಟ 1 ಡಿಗ್ರಿ ತೋರಿಸುತ್ತಿದೆ. ಎತ್ತರದ ಪ್ರಭಾವ ಕಣ್ಣಿಗೆ ಕಾಣುವುದು ಇಲ್ಲಿ. ಆಗ ಮಾತ್ರ ಥರ್ಮೋಸ್ಟ್ಯಾಟಿನ ಮೈಮೇಲಿರುವ ಸಣ್ಣ ಸ್ಕ್ರೂಗಳ ಕಡೆ ಹೋಗಬೇಕು. ವಾರಂಟಿ ಇರುವ ಯಂತ್ರವಾದರೆ ಬೇಡ.

ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ. ಕೆಲವದರಲ್ಲಿ ಒಂದು ರೇಂಜಿಗೆ, ಅಂದರೆ ಶುರುವಾಗುವ ಮತ್ತು ನಿಲ್ಲುವ ತಾಪವನ್ನು ಒಟ್ಟಿಗೆ ಸರಿಸಲಿಕ್ಕೆ. ಇನ್ನೊಂದು ಅವೆರಡರ ನಡುವಿನ ಅಂತರಕ್ಕೆ. ಅಂಥದರಲ್ಲಿ ರೇಂಜನ್ನು ಮಾತ್ರ ಮುಟ್ಟಿ. ಬೇರೆ ಕೆಲವದರಲ್ಲಿ ಒಂದು ಸ್ಕ್ರೂ ಶುರುವಾಗುವ ತಾಪಕ್ಕೆ, ಇನ್ನೊಂದು ನಿಲ್ಲುವ ತಾಪಕ್ಕೆ. ಅಲ್ಲಿ ಎರಡನ್ನೂ ಒಂದೇ ಅಳತೆಯಲ್ಲಿ ತಿರುಗಿಸಬೇಕು. ಒಂದನ್ನೇ ತಿರುಗಿಸಿದರೆ ಅಂತರ ಕುಗ್ಗಿ, ಕಂಪ್ರೆಸರ್ ಎರಡು ಮೂರು ನಿಮಿಷಕ್ಕೊಮ್ಮೆ ಶುರುವಾಗಿ ನಿಂತು ಬೇಗ ಸುಟ್ಟುಹೋಗುತ್ತದೆ. ಯಾವ ಕಡೆ ತಿರುಗಿಸಿದರೆ ಬೆಚ್ಚಗೆ ಎಂಬುದು ಒಂದೊಂದು ತಯಾರಿಕೆಗೆ ಒಂದೊಂದು ರೀತಿ. ಮೈಮೇಲೆ ಬಾಣದ ಗುರುತು ಇರುತ್ತದೆ. ಅದು ಕಾಣದಿದ್ದರೆ, ಆ ಥರ್ಮೋಸ್ಟ್ಯಾಟಿನ ನಂಬರಿನ ವಿವರ ಸಿಗುವವರೆಗೆ ಸ್ಕ್ರೂ ಮುಟ್ಟದಿರುವುದೇ ಲೇಸು.

ಸ್ಕ್ರೂ ತಲೆಗೂ ಪಕ್ಕದ ಲೋಹಕ್ಕೂ ಸೇರುವಂತೆ ಮಾರ್ಕರಿನಲ್ಲಿ ಗೆರೆ ಎಳೆದು ಫೋಟೋ ತೆಗೆದುಕೊಳ್ಳಿ. ಕಾಲು ಸುತ್ತು ಮಾತ್ರ ತಿರುಗಿಸಿ, ಹೆಚ್ಚಿನವದರಲ್ಲಿ ಅದರಿಂದ ಒಂದು ಡಿಗ್ರಿಯ ಆಸುಪಾಸು ಬದಲಾಗುತ್ತದೆ. ಮುಚ್ಚಳ ಹಾಕಿ, ಐದು ನಿಮಿಷ ಬಿಟ್ಟು ಪ್ಲಗ್ ಸಿಕ್ಕಿಸಿ. ಪೈಪಿನೊಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು. ಕೂಡಲೇ ಶುರುಮಾಡಿದರೆ ಕಂಪ್ರೆಸರ್ ತಿರುಗಲಾರದೆ ಗುಂಯ್ ಎಂದು ನರಳಿ ಓವರ್‌ಲೋಡಿನಲ್ಲಿ ನಿಲ್ಲುತ್ತದೆ. ನಂತರ ಮತ್ತೆ 24 ಗಂಟೆ, ಮತ್ತೆ ಲೋಟ.

ಡಿಜಿಟಲ್ ಕಂಟ್ರೋಲರ್ ಆದರೆ

ಇದರಲ್ಲಿ ಮುಖ್ಯವಾಗಿ ನಾಲ್ಕು ಅಂಕಿ ಇರುತ್ತವೆ: ಎಷ್ಟಕ್ಕೆ ನಿಲ್ಲಬೇಕು, ಎಷ್ಟು ಏರಿದ ಮೇಲೆ ಮತ್ತೆ ಶುರುವಾಗಬೇಕು, ಶುರುವಾಗುವ ಮುನ್ನ ಎಷ್ಟು ನಿಮಿಷ ಕಾಯಬೇಕು, ಸೆನ್ಸರಿನ ತಪ್ಪನ್ನು ಎಷ್ಟು ತಿದ್ದಬೇಕು. ಅಗ್ಗಕ್ಕೆ ಸಿಗುವ ಎಸ್‌ಟಿಸಿ-1000 ಕಂಟ್ರೋಲರಿನಲ್ಲಿ ಎಸ್ ಬಟನನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಎಫ್1, ಎಫ್2, ಎಫ್3, ಎಫ್4 ಎಂದು ಇವೇ ನಾಲ್ಕು ಸಾಲಾಗಿ ಬರುತ್ತವೆ. ಡಿಕ್ಸೆಲ್, ಕ್ಯಾರೆಲ್ ಮುಂತಾದ ಬ್ರ್ಯಾಂಡುಗಳಲ್ಲಿ ಸೆಟ್ ಬಟನ್ ಒತ್ತಿ ಹಿಡಿದರೆ ನಿಲ್ಲುವ ತಾಪ ಮಿನುಗುತ್ತದೆ, ಮೇಲೆ ಕೆಳಗೆ ಬಟನಿನಲ್ಲಿ ಬದಲಿಸಿ ಮತ್ತೆ ಸೆಟ್ ಒತ್ತಿದರೆ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಎಲ್ಲಿ ಅಂದರೆ, ಸೆಟ್ ಮಾಡಿದ ಅಂಕಿಯೇ ಒಳಗಿನ ತಾಪ ಎಂದುಕೊಳ್ಳುತ್ತಾರೆ. ಅದು ನಿಲ್ಲುವ ತಾಪ. 4 ಡಿಗ್ರಿ ಬೇಕೆಂದು 4ಕ್ಕೆ ಸೆಟ್ ಮಾಡಿ, ಅಂತರ 3 ಇಟ್ಟರೆ ಕಂಪ್ರೆಸರ್ ಮತ್ತೆ ಶುರುವಾಗುವುದು 7ಕ್ಕೆ. ತಂಪು ಸಾಲದೆಂದು ಯಾರೋ ಅದನ್ನು ಸೊನ್ನೆಗೋ ಅದಕ್ಕೂ ಕೆಳಗೋ ಇಳಿಸಿರುತ್ತಾರೆ, ಆಗ ಫ್ಯಾನಿನ ಮುಂದಿದ್ದದ್ದು ಗಡ್ಡೆ. ಹಾಲು ಮೊಸರಿಗೆ 2ಕ್ಕೆ ನಿಲ್ಲಿಸಿ, ಅಂತರ 2 ಅಥವಾ ಎರಡೂವರೆ, ಕಾಯುವ ಸಮಯ ಕನಿಷ್ಠ 3 ನಿಮಿಷ ಇಟ್ಟು ಶುರುಮಾಡಿ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಕಡೆ 5 ನಿಮಿಷ ಇಡಿ. ಅಂತರವನ್ನು ಅರ್ಧ ಡಿಗ್ರಿಗೆ ಇಳಿಸಿದರೆ ತಾಪ ನಿಖರವಾಗಿರುತ್ತದೆ ಎಂಬ ಆಸೆ ಬೇಡ, ಕಂಪ್ರೆಸರಿನ ಆಯಸ್ಸು ತೀರುತ್ತದೆ.

ಸೆಟ್ಟಿಂಗ್ ಸರಿಯಿದ್ದೂ ಕೊರೆಯುತ್ತಿದ್ದರೆ ಸೆನ್ಸರನ್ನು ಐಸ್ ನೀರಿನ ಲೋಟಕ್ಕೆ ಅದ್ದಿ. ಡಿಸ್ಪ್ಲೇ 0 ತೋರಿಸಬೇಕು. 1–2 ಡಿಗ್ರಿ ವ್ಯತ್ಯಾಸವನ್ನು ತಿದ್ದುವ ಅಂಕಿಯಲ್ಲಿ ಸರಿಮಾಡಬಹುದು: 0 ಇರಬೇಕಾದಲ್ಲಿ 2 ತೋರಿಸಿದರೆ ಮೈನಸ್ 2 ಹಾಕಿ. 4–5 ಡಿಗ್ರಿ ತಪ್ಪು ತೋರಿಸಿದರೆ ತಿದ್ದಬೇಡಿ, ಸೆನ್ಸರ್ ಬದಲಿಸಿ. ಈ ಸೆನ್ಸರಿನ ಗುಣವೆಂದರೆ ತಂಪಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಏರುತ್ತದೆ. 10 ಕಿಲೋಓಮ್ ಜಾತಿಯದಾದರೆ 25 ಡಿಗ್ರಿಯಲ್ಲಿ 10 ಇದ್ದದ್ದು ಐಸ್ ನೀರಿನಲ್ಲಿ 27ರಿಂದ 33ರವರೆಗೆ ಏರಬೇಕು. ತುದಿಯ ರಬ್ಬರು ಸೀಳಿ ಒಳಗೆ ನೀರು ಇಳಿದರೆ ರೆಸಿಸ್ಟೆನ್ಸ್ ಬಿದ್ದುಹೋಗುತ್ತದೆ. ಕಂಟ್ರೋಲರ್ ಅದನ್ನು ಬಿಸಿ ಎಂದು ಓದಿಕೊಂಡು ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ. ಡಿಸ್ಪ್ಲೇಯಲ್ಲಿ 8, ಲೋಟದಲ್ಲಿ ಐಸ್ ಎಂದು ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ.

ಕೊನೆಗೆ ರಿಲೇ, ಅಂದರೆ ಕಂಪ್ರೆಸರಿನ ಕರೆಂಟು ಕೂಡಿಸಿ ಕಡಿಯುವ, ಕಂಟ್ರೋಲರಿನೊಳಗಿನ ಸ್ವಿಚ್ಚು. ಸೆಟ್ ಅಂಕಿಯನ್ನು 15ಕ್ಕೆ ಏರಿಸಿ. ಕಂಪ್ರೆಸರಿನ ದೀಪ ಆರಿ, ಟಕ್ ಎಂದು ಯಂತ್ರ ನಿಲ್ಲಬೇಕು. ದೀಪ ಆರಿಯೂ ಯಂತ್ರ ಓಡುತ್ತಿದ್ದರೆ ರಿಲೇ ಅಂಟಿಕೊಂಡಿದೆ. ಹೊಸ ಕಂಟ್ರೋಲರ್ ಹಾಕಿಸುವಾಗ, ನಾಲ್ಕು ಬಾಗಿಲಿನ ದೊಡ್ಡ ಫ್ರಿಜ್ಜಾಗಿದ್ದರೆ ನಡುವೆ ಒಂದು ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಡೆಯುವ ದೊಡ್ಡ ಸ್ವಿಚ್ಚು) ಹಾಕಿಸಿ. ಇಲ್ಲದಿದ್ದರೆ ಅದೂ ಹೀಗೇ ಅಂಟುತ್ತದೆ. ಪರೀಕ್ಷೆಯ ನಂತರ ಸೆಟ್ ಅಂಕಿಯನ್ನು ವಾಪಸ್ 2ಕ್ಕೆ ತರುವುದನ್ನು ಮರೆತು ಹಾಲು ಕೆಡಿಸಿಕೊಂಡವರಿದ್ದಾರೆ, ಜೋಪಾನ.

ಒಂದು ಕಡೆ ಗಡ್ಡೆ, ಒಂದು ಕಡೆ ಬಿಸಿ

ಮೊದಲು ಜೋಡಣೆ ನೋಡಿ. ಹಿಂಗೋಡೆಗೂ ಪದಾರ್ಥಕ್ಕೂ ನಡುವೆ ಮೂರು ಬೆರಳಿನ ಜಾಗ ಬೇಕು. ಫ್ಯಾನಿನ ಬಾಯಿಗೆ ನೇರವಾಗಿ ಸೊಪ್ಪು, ಮೊಸರು ಇಡಬೇಡಿ, ಆ ಜಾಗಕ್ಕೆ ನೀರಿನ ಬಾಟಲಿ ಇಡಿ. ತಟ್ಟುಗಳ ಮೇಲೆ ರಟ್ಟು, ಪೇಪರ್ ಹಾಸಿದರೆ ತಂಪು ಗಾಳಿ ಕೆಳಗಿಳಿಯದೆ ಮೇಲಿನದೆಲ್ಲ ಗಡ್ಡೆಯಾಗಿ ಕೆಳಗಿನದು ಹುಳಿಯಾಗುತ್ತದೆ.

ಕಾಯಿಲಿನ ಮೇಲೆ ಐಸಿನ ಗೋಡೆ ಕಟ್ಟಿದ್ದರೆ ರಾತ್ರಿ ಫ್ರಿಜ್ಜು ಖಾಲಿಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು, ಕೆಳಗೆ ಟ್ರೇ ಇಟ್ಟು ಬೆಳಗಿನವರೆಗೆ ಬಿಡಿ. ಚಾಕು, ಸ್ಕ್ರೂ ಡ್ರೈವರಿನಲ್ಲಿ ಐಸ್ ಕುಕ್ಕಬೇಡಿ. ಅಲ್ಯೂಮಿನಿಯಂ ಕಾಯಿಲು ಒಂದು ಏಟಿಗೆ ತೂತಾಗುತ್ತದೆ, ಆಮೇಲಿನ ಖರ್ಚು ಹೊಸ ಥರ್ಮೋಸ್ಟ್ಯಾಟಿನ ಹತ್ತು ಪಟ್ಟು. ಈಗಿನ ಅನೇಕ ಕೂಲರುಗಳಲ್ಲಿರುವ ಆರ್-290, ಆರ್-600ಎ ಗ್ಯಾಸುಗಳು ಬೆಂಕಿ ಹತ್ತುವಂಥವು. ಹಳದಿ ತ್ರಿಕೋನದಲ್ಲಿ ಬೆಂಕಿಯ ಚಿತ್ರ ಕಂಡರೆ ಹತ್ತಿರ ಕಿಡಿ, ಹೀಟರ್ ಯಾವುದೂ ಬೇಡ. ಥರ್ಮೋಸ್ಟ್ಯಾಟು ಬದಲಿಸುವಾಗಲೂ ಹಳೆಯದರ ಮೈಮೇಲಿನ ನಂಬರಿನದೇ ಬೇಕು, ಅಂಗಡಿಯಲ್ಲಿ ಸಿಕ್ಕಿದ್ದು ಆಗದು.

ಐಸ್ ಮತ್ತೆ ವಾರದಲ್ಲೇ ಕಟ್ಟಿದರೆ ಬಾಗಿಲಿನ ಅಂಚಿನ ರಬ್ಬರು ಪಟ್ಟಿ, ಅಂದರೆ ಗ್ಯಾಸ್ಕೆಟ್, ಸೋರುತ್ತಿರಬಹುದು. ಹತ್ತು ರೂಪಾಯಿಯ ನೋಟನ್ನು ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುತ್ತಲೂ ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ತೇವದ ಗಾಳಿ ಒಳಗೆ ಹೋಗುತ್ತಿದೆ. ಒಳಗಿನ ಫ್ಯಾನು ಕುಂಟುತ್ತಿದ್ದರೂ ಇದೇ ಗತಿ.

ಐಸೂ ಇಲ್ಲ, ಫ್ಯಾನೂ ಚೆನ್ನಾಗಿದೆ, ಕಾಯಿಲಿನ ಆರಂಭದ ಒಂದೆರಡು ಸುತ್ತಿಗೆ ಮಾತ್ರ ಹಿಮ ಕಟ್ಟಿ ಉಳಿದದ್ದು ಒಣಗಿದೆ ಎಂದಾದರೆ ಆಗ ಗ್ಯಾಸು ಕಡಿಮೆ ಇರಬಹುದು. ಥರ್ಮೋಸ್ಟ್ಯಾಟಿನ ತುದಿ ಇರುವ ಜಾಗ ತಣ್ಣಗಾಗದೆ ಯಂತ್ರ ಓಡುತ್ತಲೇ ಇರುತ್ತದೆ. ಅತಿ ತಂಪಿನ ದೂರಿನಲ್ಲಿ ಗ್ಯಾಸಿನ ಮಾತು ಬರಬೇಕಾದ್ದು ಈ ಒಂದು ಲಕ್ಷಣ ಕಂಡಾಗ ಮಾತ್ರ. ಆಗಲೂ ಸೋರಿಕೆ ಎಲ್ಲಿ ಎಂದು ಹುಡುಕಿ ಬೆಸುಗೆ ಹಾಕಿದ ಮೇಲೆಯೇ ತುಂಬಿಸಬೇಕು. ಮೆಕ್ಯಾನಿಕ್ಕಿಗೆ ಫೋನ್ ಮಾಡುವಾಗ ಮೂರು ಲೋಟಗಳ ಅಂಕಿ, ಎರಡು ಗಂಟೆಯಲ್ಲಿ ಕಂಪ್ರೆಸರ್ ಎಷ್ಟು ಸಲ ನಿಂತಿತು, ನಾಬು ಆಫ್ ಮಾಡಿದಾಗ ಟಕ್ ಸದ್ದು ಬಂತೋ ಇಲ್ಲವೋ, ಥರ್ಮೋಸ್ಟ್ಯಾಟಿನ ಮೈಮೇಲಿನ ನಂಬರ್ ಏನು ಎಂಬುದನ್ನು ಹೇಳಿ. ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ.

ಸರಿಹೋದ ಮೇಲೆ ಫ್ರಿಜ್ಜಿನ ಪಕ್ಕಕ್ಕೆ ಒಂದು ಚೀಟಿ ಅಂಟಿಸಿ: ನವೆಂಬರಿನಿಂದ ಫೆಬ್ರವರಿಗೆ ನಾಬು ಎಷ್ಟು, ಮಾರ್ಚಿನಿಂದ ಮೇಗೆ ಎಷ್ಟು, ಮಳೆಗಾಲಕ್ಕೆ ಎಷ್ಟು. ಕೆಲಸದ ಹುಡುಗರು ಬದಲಾದರೂ ಚೀಟಿ ಅಲ್ಲೇ ಇರುತ್ತದೆ.